ಹದಿನೇಳನೆಯ ಪುಟದ ಗುರುತುಗಳು

ಮಾರ್ಚ್ 18, ಮಂಗಳವಾರ

ಕೊಟ್ಟ ಮಾತುಗಳು ಇವು. ಒಂದು: ಹೊಸ ಲೈಬ್ರರಿ ಕಟ್ಟಡಕ್ಕೆ ಊರು ಓಟು ಹಾಕಿದರೆ ಕೌಬಾಯ್ ಪ್ರೇಮಕಥೆಗಳ ನಾಲ್ಕು ತಿರುಗುವ ಸ್ಟ್ಯಾಂಡುಗಳೂ ಅಲ್ಲಿಗೆ ಬರುತ್ತವೆ, ಕಿಟಕಿಯ ಪಕ್ಕದಲ್ಲೇ ನಿಲ್ಲುತ್ತವೆ. ಎರಡು: ಹಗಲೆಲ್ಲ ದುಡಿಯುವವರಿಗಾಗಿ ವಾರಕ್ಕೊಂದು ಸಂಜೆ ಏಳರ ತನಕ ಬಾಗಿಲು ತೆರೆದಿರುತ್ತದೆ. ಮೂರು: ಓದುವವರನ್ನು ಕೇಳದೆ ಒಂದೇ ಒಂದು ಪುಸ್ತಕವನ್ನೂ ಎಸೆಯುವುದಿಲ್ಲ.

ಉಳಿಸಿಕೊಳ್ಳದೆ ಹೋದದ್ದು: ಮೂರೂ.

ಮಾತು ಕೊಟ್ಟವನು ಲೈಬ್ರರಿ ಮಂಡಳಿಯ ಅಧ್ಯಕ್ಷ ಆರ್ವಿಲ್ ಪ್ರೂಯಿಟ್. ಎರಡು ಚಳಿಗಾಲದ ಹಿಂದೆ ವೃದ್ಧಾಶ್ರಮದ ಲಾಂಡ್ರಿಯ ಹಿಂಬಾಗಿಲಿಗೆ ಬಂದು, ಹ್ಯಾಟು ಕೈಯಲ್ಲಿ ಹಿಡಿದು, ಬಟ್ಟೆ ಮಡಚುತ್ತಿದ್ದ ಹೆಂಗಸರ ಮುಂದೆ ನಿಂತು ಹೇಳಿದ. ಹೆಂಗಸರು ಓಟು ಹಾಕಿದರು. ಕಟ್ಟಡ ಎದ್ದಿತು. ಈಗ ಅದು ಸಂಜೆ ಐದಕ್ಕೆ ಮುಚ್ಚುತ್ತದೆ, ಲಾಂಡ್ರಿಯ ಪಾಳಿ ಮುಗಿಯುವುದು ಐದೂವರೆಗೆ. ಪುಸ್ತಕಗಳು ನಲವತ್ತೊಂದು ರಟ್ಟಿನ ಪೆಟ್ಟಿಗೆಗಳಲ್ಲಿ ಹಳೇ ಹಾಲಿನ ಡೇರಿಯ ಶೆಡ್ಡು ಸೇರಿವೆ. ಏಪ್ರಿಲ್ ಎಂಟಕ್ಕೆ ಮಂಡಳಿಯ ತೀರ್ಮಾನ, ಆಮೇಲೆ ರದ್ದಿಯ ಲಾರಿ. ಕಾರಣ ಏನೆಂದರೆ, ಒಬ್ಬರೂ ಒಯ್ದ ದಾಖಲೆ ಕಂಪ್ಯೂಟರಿನಲ್ಲಿ ಇಲ್ಲವಂತೆ. ಹೇಗಿರಬೇಕು? ಆ ಸ್ಟ್ಯಾಂಡಿನ ಪುಸ್ತಕಗಳನ್ನು ದಾಖಲೆಗೆ ಏರಿಸಿದವರೇ ಇಲ್ಲ. ಒಂದು ತಂದಿಡು, ಒಂದು ಒಯ್ಯಿ. ಅಷ್ಟೇ ಕಾನೂನು.

ಮಾರ್ವಲೀ ಇಂದು ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. ಹದಿನಾಲ್ಕು ವರ್ಷದಿಂದ ಆ ಲಾಂಡ್ರಿಯಲ್ಲಿ ಕೈ ಬೇಯಿಸಿಕೊಂಡವಳು, ಗಂಡ ಸತ್ತಾಗಲೂ ನನ್ನೆದುರು ಅತ್ತಿರಲಿಲ್ಲ.

"ನೀನು ಯೂನಿಯನ್ ಮಾಡಿದೋಳು ಕಣೇ ಥೋರಾ. ಏನಾದ್ರೂ ಮಾಡು."

"ಮುಖಪುಟದಲ್ಲಿ ಟೋಪಿ ಹಾಕ್ಕೊಂಡು ಅಂಗಿ ಬಿಚ್ಚಿ ನಿಂತಿರೋ ಗಂಡಸಿಗೋಸ್ಕರ ನಾನು ಹೋರಾಡ್ಲಾ?"

"ಗಂಡಸಿಗಲ್ಲ. ನನಗೆ."

ಮಾಂಸದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸಗಾರರ ಪ್ರತಿನಿಧಿಯಾಗಿದ್ದೆ. ಮಣಿಕಟ್ಟು ಕೆಟ್ಟ ಮೇಲೆ ಬಿಟ್ಟೆ. ಈಗ ಈ ಮನೆಗೆ ಬರುವವಳು ಮಾರ್ವಲೀ ಒಬ್ಬಳೇ. ಅದೂ ಒಳ್ಳೆಯದೇ. ಬಂದವರು ಸುಮ್ಮನೆ ಮಾತಾಡುತ್ತಾರೆ. ಒಪ್ಪಿಕೊಂಡೆ. ಪುಸ್ತಕ ಜೊಳ್ಳೇ ಇರಬಹುದು, ಮಾತು ಮಾತೇ.

ಮಾರ್ಚ್ 20, ಗುರುವಾರ

ಮಾರ್ವಲೀ ಕೊಟ್ಟ ಪುಸ್ತಕ ಓದಿ ಮುಗಿಸಿದೆ. ಎರಡು ಸಲ ಗೋಡೆಗೆ ಎಸೆದೆ.

ಶಹರದಿಂದ ಒಬ್ಬಳು ಬರುತ್ತಾಳೆ. ಅಜ್ಜಿ ಬಿಟ್ಟುಹೋದ ದನದ ರಾಂಚು. ಅಲ್ಲೊಬ್ಬ ಕೂಲಿ ಕೌಬಾಯ್, ಮಾತು ಕಡಿಮೆ, ಭುಜ ಜಾಸ್ತಿ. ಇನ್ನೂರು ಪುಟ ಮುನಿಸು. ಕೊನೆಗೆ ನೋಡಿದರೆ ಆ ಕೂಲಿಯವನು ಕೂಲಿಯವನೇ ಅಲ್ಲ, ಮೂರು ರಾಂಚುಗಳ ಒಡೆಯ! ವೇಷ ಮರೆಸಿಕೊಂಡಿದ್ದನಂತೆ.

ಯಾಕೆ? ಕೂಲಿಯವನನ್ನು ಪ್ರೀತಿಸಿದರೆ ಕಾಗದ ಹರಿದುಹೋಗುತ್ತದೆಯೇ? ನನ್ನಪ್ಪ ಮೂವತ್ತೊಂದು ವರ್ಷ ಬೇರೆಯವರ ದನ ಕಾದ. ಕೊನೆಗೆ ನೋಡಿದರೂ ಕೂಲಿಯವನೇ ಆಗಿದ್ದ. ಅಮ್ಮ ಅವನನ್ನು ಹಾಗೇ ಪ್ರೀತಿಸಿದಳು.

ಮಾರ್ವಲೀಗೆ ಇದನ್ನೇ ಹೇಳಿದೆ. ಅವಳು ನಕ್ಕಳು.

"ಅದು ಕೆಟ್ಟ ಪುಸ್ತಕ ಕಣೇ. ಬೇಕಂತ್ಲೇ ಕೊಟ್ಟೆ. ನಿಂಗೆ ಕೋಪ ಬಂದ್ರೇನೇ ಕೆಲಸ ನಡೆಯೋದು. ಒಂದು ರೊಟ್ಟಿ ಸೀದ್ರೆ ಒಲೇನೇ ಒಡೀತಾರಾ?"

"ಒಳ್ಳೇದನ್ನ ಹೇಗೆ ಗುರುತು ಹಿಡೀತೀಯ?"

"ಅವಳು ಕೆಲಸ ಬಿಡ್ತಾಳಾ ನೋಡ್ತೀನಿ. ಅವನ ಮುಖ ನೋಡಿದ ತಕ್ಷಣ ಕೆಲಸ ಬಿಟ್ಲು ಅಂದ್ರೆ ಪುಸ್ತಕ ಮುಚ್ಚಿಡ್ತೀನಿ. ಆಮೇಲೆ ಊರು. ಸಕ್ಕರೆ ಬೊಂಬೆ ಥರ ಎಲ್ರೂ ಒಳ್ಳೆಯವ್ರೇ ಇದ್ರೆ ಅದು ಊರಲ್ಲ. ಹಿಂದೆ ಆಡ್ಕೊಂಡು, ಹೆರಿಗೆಯಾದಾಗ ಊಟದ ಪಾತ್ರೆ ಹಿಡ್ಕೊಂಡು ಬರ್ತಾರಲ್ಲ, ಅದು ಊರು."

ಮಾರ್ಚ್ 26, ಬುಧವಾರ

ಇವತ್ತು ಸಿಕ್ಕಿತು!

ಲಾಂಡ್ರಿಯ ಮೇಜಿನ ಮೇಲೆ ಒಂದು ಪುಸ್ತಕ ಇತ್ತು. ಓದಿದೆಯಾ ಎಂದು ಕೇಳಿದೆ. ಮಾರ್ವಲೀ ಮುಖಪುಟ ನೋಡಲೇ ಇಲ್ಲ, ಸೀದಾ ಹದಿನೇಳನೆಯ ಪುಟ ತೆಗೆದಳು. "ಹ್ಞೂಂ, ಓದಿದೀನಿ." ಕೆಳಗಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಾಸಿವೆಯಷ್ಟು ಗುರುತುಗಳು, ಸಾಲಾಗಿ ಒಂಬತ್ತು.

ಎಲ್ಲ ಮುಖಪುಟದ ಮೇಲೂ ಅದೇ ಹ್ಯಾಟು, ಅದೇ ಸೂರ್ಯಾಸ್ತ. ಓದಿದ್ದು ಯಾವುದು, ಓದದ್ದು ಯಾವುದು ಎಂದು ನೆನಪಿರುವುದಿಲ್ಲ. ಅದಕ್ಕೆ ತಮ್ಮ ತಾಯಂದಿರ ಕಾಲದಿಂದಲೂ ಈ ಪದ್ಧತಿ: ಓದಿದವರು ಹದಿನೇಳನೆಯ ಪುಟದಲ್ಲಿ ತಮ್ಮ ಗುರುತು ಹಾಕುತ್ತಾರೆ. ದನವಿದ್ದವರು ದನಕ್ಕೆ ಹಾಕುವ ಬರೆಯ ಮುದ್ರೆಯನ್ನೇ ಹಾಕುತ್ತಾರೆ. ದನವಿಲ್ಲದವರು ಏನೋ ಒಂದು. ಮಾರ್ವಲೀಯದು ಬಟ್ಟೆ ಸಿಕ್ಕಿಸುವ ಕ್ಲಿಪ್ಪು.

ಇಷ್ಟು ವರ್ಷ ಈ ಊರಲ್ಲಿ ಬದುಕಿ ನನಗೆ ಇದು ಗೊತ್ತಿರಲಿಲ್ಲ.

"ಇವು ರುಜುಗಳು ಕಣೇ!" ಎಂದೆ. ಯಾರೂ ಓದಿಲ್ಲ ಎಂದನಲ್ಲ ಪ್ರೂಯಿಟ್? ಎಣಿಸಿ ತೋರಿಸುತ್ತೇನೆ.

ಮಾರ್ಚ್ 29, ಶನಿವಾರ

ಲೈಬ್ರರಿಯ ಹುಡುಗಿ ಡೆಲ್ಫೀನ್ ಡೇರಿ ಶೆಡ್ಡಿನ ಬೀಗ ತೆಗೆದು, "ನಾನು ಇಲ್ಲಿಗೆ ಬಂದೇ ಇಲ್ಲ ಆಂಟೀ" ಎಂದು ಹೋದಳು. ಮಾರ್ವಲೀ, ನಾನು, ಮತ್ತು ಮಾರ್ವಲೀ ಕರೆಸಿದ ಒಬ್ಬ ಮುದುಕ. ಉತ್ತರದ ಕಡೆಯ ಯಾವುದೋ ರಾಂಚಿನ ಕೂಲಿ ಕೌಬಾಯ್, ಕ್ಲೆಲ್ ರಾಂಡಲ್. ಸುತ್ತಲ ಮೂರು ಕೌಂಟಿಗಳ ದನದ ಮುದ್ರೆಗಳನ್ನೂ ಬಲ್ಲನಂತೆ. ಹಾಲಿನ ಡಬ್ಬಿ ಬೋರಲು ಹಾಕಿ ಕೂತ, ಹ್ಯಾಟನ್ನು ಅಂಗಾತ ಪಕ್ಕಕ್ಕಿಟ್ಟ, ಕನ್ನಡಕ ಏರಿಸಿದ.

"ಮಲಗಿರೋ ಎಲ್ ಅಕ್ಷರ, ಕೆಳಗೊಂದು ಗೆರೆ. ಇದು ಟೋರ್ವಾಲ್ಡ್ ಮನೆ ಹೆಂಗಸು. ಸತ್ತು ಹನ್ನೊಂದು ವರ್ಷ. ಇದು ಬಸ್ ಓಡಿಸ್ತಾಳಲ್ಲ, ಅವಳದು. ಇದು..."

ನಾನು ಬರೆದುಕೊಳ್ಳುತ್ತ ಹೋದೆ. ಕೆಲವು ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿಗಳೂ ಇದ್ದವು, ಒಂದೇ ಕೈಯ ಬರಹ. "ಲಗಾಮಿನಿಂದ ಕುದುರೆ ಕಟ್ಟಬಾರದು. ಬೆದರಿದರೆ ಕಿತ್ತುಕೊಂಡು ಹೋಗುತ್ತದೆ." "ಇವನು ನಲವತ್ತು ಪುಟದಿಂದ ಸಗಣಿ ಮುಟ್ಟಿಲ್ಲ." "ಆಗಸ್ಟಿನಲ್ಲಿ ಯಾರ ಹಸು ಕರು ಹಾಕುತ್ತದೆ?" ನಾನು ನಗು ತಡೆಯಲಾರದೆ ಗಟ್ಟಿಯಾಗಿ ಓದಿದೆ.

ಮುದುಕನ ಕಿವಿ ಕೆಂಪಾಯಿತು. "ಅದು... ನಂದು ಮೇಡಮ್."

"ನೀವು ಇದನ್ನೆಲ್ಲ ಓದ್ತೀರಾ?"

"ಓದಲ್ಲ. ಓದಿ ಹೇಳ್ತಿದ್ದೆ. ನನ್ನ ಹೆಂಡ್ತಿ ಅಯೋನಿಗೆ ಕಣ್ಣು ಹೋಗಿತ್ತು, ಕೊನೇ ಆರು ವರ್ಷ. ನಾನು ಓದ್ತಿದ್ದೆ, ತಪ್ಪು ಬಂದಾಗ ಬೈತಿದ್ದೆ, ಅವಳು 'ಬರೆದಿಡು, ಬರೆದಿಡು' ಅಂತಿದ್ಲು." ಒಂದು ಪುಸ್ತಕ ತೆಗೆದು ಹದಿನೇಳನೆಯ ಪುಟ ತೋರಿಸಿದ. ಅರ್ಧ ಚಂದ್ರ, ಒಳಗೊಂದು ಚುಕ್ಕೆ. "ಇದು ಅವಳದು. ಕೈ ಹಿಡಿದು ಹಾಕಿಸ್ತಿದ್ದೆ."

"ನಿಮ್ಮದು ಎಲ್ಲಿ?"

"ನಂದ್ಯಾಕೆ ಮೇಡಮ್? ಓದಿದೋಳು ಅವಳು."

ಆಮೇಲೆ ಮೂವರೂ ಮುಂದಿನ ಪೆಟ್ಟಿಗೆ ಎಣಿಸಿದೆವು. ಧೂಳಿಗೆ ನನ್ನ ಕಣ್ಣು ಉರಿಯಿತು.

ಏಪ್ರಿಲ್ 3, ಗುರುವಾರ

ಎಣಿಕೆಯ ನೆಪದಲ್ಲಿ ಐದು ಪುಸ್ತಕ ಓದಿದ್ದೇನೆ. ಹೋರಾಟಗಾರರು ಎದುರಾಳಿಯ ವಾದವನ್ನೂ ತಿಳಿದಿರಬೇಕು, ಅದಕ್ಕೆ.

ಒಂದು ಚೆನ್ನಾಗಿತ್ತು. ಶಾಲೆಯ ಅಡುಗೆಯವಳು, ಲಾಳ ಕಟ್ಟುವವನು. ಅವನು ಇಪ್ಪತ್ತು ವರ್ಷದ ಕೆಳಗೆ ಅವಳನ್ನು ಊರೆದುರು ಹೀಯಾಳಿಸಿದ್ದಾನೆ. ಕಥೆಯುದ್ದಕ್ಕೂ ಹೂವು ತರುತ್ತಾನೆ, ಬೇಲಿ ಕಟ್ಟಿಕೊಡುತ್ತಾನೆ, ಅವಳು ಜಗ್ಗುವುದಿಲ್ಲ. ಯಾಕೆಂದು ಅರ್ಥವಾಗದೆ ರಾಂಡಲ್‌ನನ್ನು ಕೇಳಿದೆ. ಅವನು ಊರಿಗೆ ಮೇವಿನ ಚೀಲ ಒಯ್ಯಲು ಬಂದಿದ್ದ.

"ಮರೇಲಿ ನಿಂತು ಹೂವು ಕೊಟ್ರೆ ಏನು ಬಂತು ಮೇಡಮ್? ಎಲ್ಲಿ ಅವಮಾನ ಮಾಡಿದ್ನೋ ಅಲ್ಲೇ ಕ್ಷಮೆ ಕೇಳ್ಬೇಕು. ಜನರ ಎದುರು. ಕಟ್ಟಿಸಿಕೊಂಡ ಬೇಲಿ ಬಿಟ್ಟಿ ಕೆಲಸ ಅಷ್ಟೇ. ಅದು ಗೊತ್ತಿಲ್ಲದೆ ಬರೆದ ಪುಸ್ತಕ ಉದ್ದಕ್ಕೂ ಓಡತ್ತೆ, ಎಲ್ಲಿಗೂ ಮುಟ್ಟಲ್ಲ."

ಸರಿಯಾದ ಮಾತು. ಮಾಲೀಕರಿಗೂ ನಾನು ಇದನ್ನೇ ಹೇಳುತ್ತಿದ್ದೆ. ಕಾಫಿ ಕುಡಿದು ಹೋದ. ಎರಡು ಲೋಟ.

ಏಪ್ರಿಲ್ 5, ಶನಿವಾರ

ಎಣಿಕೆ ಮುಗಿಯಿತು. ಸಾವಿರದ ನೂರ ನಲವತ್ತು ಪುಸ್ತಕ, ಆರು ಸಾವಿರ ದಾಟಿದ ಗುರುತು.

ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ನೇತಾಡುವ ಪಿ ಅಕ್ಷರ ಇತ್ತು. ರಾಂಡಲ್ ಪ್ರತಿ ಸಲವೂ "ಗೊತ್ತಿಲ್ಲ" ಎಂದು ಬರೆಸಿದ್ದ. ಇವತ್ತು ಹಿಡಿದೆ.

"ಗೊತ್ತು ನಿಮಗೆ."

"ಗೊತ್ತು. ಪ್ರೂಯಿಟ್ ಮನೆ ಮುದ್ರೆ. ಅವನ ತಾಯಿ. ಈಗ ಆಶ್ರಮದಲ್ಲಿದಾರೆ."

ನಾನು ಎದ್ದು ನಿಂತೆ. "ಗೆದ್ವಿ! ಸಭೇಲಿ ಅವನ ಮೂತಿಗೆ ಹಿಡೀತೀನಿ."

"ಬೇಡ. ಆಯಮ್ಮ ಕದ್ದು ಓದಿದ್ದು. ಗಂಡನಿಗೆ ಗೊತ್ತಾಗದ ಹಾಗೆ, ಮಗನಿಗೆ ಗೊತ್ತಾಗದ ಹಾಗೆ. ಅದು ಆಯಮ್ಮನ ಸ್ವಂತದ್ದು. ನಮ್ಮದಲ್ಲ."

"ಹೋರಾಟದಲ್ಲಿ ಹಾಗೆಲ್ಲ ನೋಡಿದ್ರೆ ಆಗಲ್ಲ ರಾಂಡಲ್ ಅವ್ರೇ."

"ನೋಡ್ದೇ ಇದ್ರೂ ಆಗಲ್ಲ ಮೇಡಮ್."

ಮೊಂಡ.

ಏಪ್ರಿಲ್ 8, ಮಂಗಳವಾರ

ಸೋತೆ. ಬರಿಯ ಸೋಲಲ್ಲ, ನಾನೇ ಕೈಯಾರೆ ಕೊಟ್ಟೆ.

ಸಭೆ ಬೆಳಿಗ್ಗೆ ಹತ್ತಕ್ಕೆ. ದುಡಿಯುವ ಹೆಂಗಸರು ಯಾರು ಬಂದಾರು? ನಾನೊಬ್ಬಳೇ ಎದ್ದು ನಿಂತೆ. ಹಳೇ ಗಂಟಲು ಇನ್ನೂ ಕೈಕೊಟ್ಟಿಲ್ಲ. ಹತ್ತು ಪುಸ್ತಕಗಳ ಹದಿನೇಳನೆಯ ಪುಟ ತೆರೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. "ಯಾರೂ ಓದಿಲ್ಲವೆಂದಿರಿ. ಇಗೋ, ಓದಿದವರ ರುಜು. ಸತ್ತವರದೂ ಇದೆ!"

ಪ್ರೂಯಿಟ್ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದ. "ಎಲ್ಲದರಲ್ಲೂ ಹೀಗೆ ಗೀಚಿದಾರಾ?"

"ಹೆಚ್ಚುಕಮ್ಮಿ ಎಲ್ಲದರಲ್ಲೂ!" ಎಂದೆ. ಎದೆಯುಬ್ಬಿಸಿ ಎಂದೆ.

ಅವನು ನಿಯಮದ ಪುಸ್ತಕ ತೆಗೆದ. ಗೀಚಿ ಕೆಡಿಸಿದ ಪುಸ್ತಕವನ್ನು ಲೈಬ್ರರಿಯಲ್ಲಿ ಇಡುವಂತಿಲ್ಲ. ಗುರುತಿಲ್ಲದವನ್ನು ಒಂದು ಸ್ಟ್ಯಾಂಡಿನಲ್ಲಿ ಇಡೋಣ, ಗುರುತಿರುವುದೆಲ್ಲ ರದ್ದಿಗೆ. ಐದಕ್ಕೆ ನಾಲ್ಕು ಓಟು.

ಗುರುತಿಲ್ಲದವು ಅರವತ್ಮೂರು. ನಲವತ್ತು ವರ್ಷದಲ್ಲಿ ಈ ಊರಿನ ಒಬ್ಬ ಹೆಣ್ಣುಮಗಳೂ ಕೈಯಲ್ಲಿ ಹಿಡಿಯದ ಅರವತ್ಮೂರು ಕಸ. ಅವು ಉಳಿದವು. ಪ್ರೀತಿಯಿಂದ ಸವೆದವೆಲ್ಲ ಲಾರಿಗೆ.

ನೇತಾಡುವ ಪಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಯಾಕೋ ನುಂಗಿಕೊಂಡೆ. ವಯಸ್ಸಾಯಿತು ನನಗೆ.

ಏಪ್ರಿಲ್ 9, ಬುಧವಾರ

ಮಾರ್ವಲೀ ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬರಲಿಲ್ಲ.

"ಆ ಗುರುತು ನಮ್ಮ ನಮ್ಮಲ್ಲಿ ಇದ್ದದ್ದು ಥೋರಾ. ಎಣಿಸಕ್ಕೆ ನಾನೂ ಬಂದೆ, ನಿಜ. ಆದ್ರೆ ಪುಟ ತೆಗೆದು ಸಭೇಲಿ ಬಿಚ್ಚಿಡ್ಲಾ ಅಂತ ಒಂದು ಮಾತು ಯಾರನ್ನಾದ್ರೂ ಕೇಳಿದ್ಯಾ? ಪ್ರೂಯಿಟ್ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

ಹೋದಳು.

ಏಪ್ರಿಲ್ 11, ಶುಕ್ರವಾರ

ಸುಮ್ಮನೆ ಮನೆಯಲ್ಲಿ ಕೂತೆ. ಮಾರ್ವಲೀಗೆ ಸೇಬಿನ ಪೈ ಮಾಡಿ ಕಳಿಸೋಣ ಎಂದುಕೊಂಡೆ. ಹಿಟ್ಟು ಕಲಸಿದ ಮೇಲೆ ಬಿಟ್ಟೆ. ಬಿಟ್ಟಿ ಕೆಲಸ ಅದು.

ಏಪ್ರಿಲ್ 12, ಶನಿವಾರ

ಲಾಂಡ್ರಿಗೆ ಹೋದೆ. ಶನಿವಾರದ ಪಾಳಿಯ ಏಳು ಹೆಂಗಸರೂ ಇದ್ದರು, ಮಾರ್ವಲೀಯೂ. ಒಣಗಿಸುವ ಯಂತ್ರಗಳನ್ನು ನಿಲ್ಲಿಸಿ ಎಂದೆ. ನಿಲ್ಲಿಸಿದರು. ಏಳು ಮುಖಗಳನ್ನೂ ನೋಡಿ ಹೇಳಿದೆ: "ನಿಮ್ಮ ಗುರುತನ್ನ ನಿಮ್ಮನ್ನ ಕೇಳದೆ ತಗೊಂಡೆ. ನನ್ನ ಭಾಷಣಕ್ಕೆ ತಗೊಂಡೆ. ತಪ್ಪಾಯ್ತು."

ಇಪ್ಪತ್ತೆರಡು ವರ್ಷ ಭಾಷಣ ಮಾಡಿದ್ದೇನೆ, ಇಷ್ಟು ಚಿಕ್ಕದು ಮಾಡಿರಲಿಲ್ಲ.

ಮಾರ್ವಲೀ ಒಂದು ಚಾದರದ ಎರಡು ತುದಿ ನನ್ನ ಕಡೆ ಎಸೆದಳು. "ನಿಂತ್ಕೊಂಡು ನೋಡ್ಬೇಡ, ಹಿಡ್ಕೋ. ಆ ಕಡೆ ಮಡಚು."

ಮೂವತ್ತೆರಡು ಚಾದರ ಮಡಚಿದೆವು. ಹೊರಡುವಾಗ ಹಿಂದಿನಿಂದ ಯಾರೋ ಕೂಗಿದರು: "ಕೊನೇ ಪುಟದಲ್ಲಿ ಮುತ್ತು ಇರತ್ತೆ ಥೋರಕ್ಕಾ, ನಮ್ಗೆ ಚಾದರಾನೇ ಗತಿ!" ಇಡೀ ಕೋಣೆ ನಕ್ಕಿತು. ನಾನೂ.

ಏಪ್ರಿಲ್ 13, ಭಾನುವಾರ

ಕ್ಲೆಲ್ ರಾಂಡಲ್ ಪಿಕಪ್ ತಂದ. ಕರುಗಳನ್ನು ನೋಡಿ ಬರೋಣ ಬನ್ನಿ ಎಂದ. ಬೇರೆ ಕೆಲಸವಿರಲಿಲ್ಲ, ಹೋದೆ.

ನಮ್ಮ ಕಡೆ ಓಡಿಸುವವರು ಗೇಟು ತೆಗೆಯುವುದಿಲ್ಲ, ಪಕ್ಕದಲ್ಲಿ ಕೂತವರು ತೆಗೆಯಬೇಕು. ಮುಳ್ಳುತಂತಿಯ ಗೇಟು, ಕಂಬಕ್ಕೆ ತಂತಿಯ ಬಳೆ ಬಿಗಿಯಾಗಿ ಸಿಕ್ಕಿಸಿರುತ್ತದೆ. ನನ್ನ ಮಣಿಕಟ್ಟಿಗೆ ಅದು ಜಗ್ಗಲಿಲ್ಲ. ಮೂರು ಸಲ ಎಳೆದೆ. ಅವನು ಗಾಡಿಯಲ್ಲೇ ಕೂತಿದ್ದ, ದೂರದ ಬೆಟ್ಟ ನೋಡುತ್ತಿದ್ದ. ನಾಲ್ಕನೆಯ ಸಲ ಸೋತ ಮೇಲೆ ಇಳಿದು ಬಂದ. ನನ್ನನ್ನು ಸರಿಸಲಿಲ್ಲ, ಬಿಡಿ ನಾನು ಮಾಡ್ತೀನಿ ಎನ್ನಲಿಲ್ಲ. ಕಂಬಕ್ಕೆ ಹೆಗಲು ಕೊಟ್ಟು ಒತ್ತಿದ. ತಂತಿ ಸಡಿಲವಾಯಿತು. ಬಳೆಯನ್ನು ನಾನೇ ಎತ್ತಿದೆ.

ಕೆಟ್ಟ ಪುಸ್ತಕದ ನಾಯಕನಾಗಿದ್ದರೆ ಅವಳನ್ನೇ ಎತ್ತಿ ಪಕ್ಕಕ್ಕಿಟ್ಟು, ಒಂದೇ ಕೈಯಲ್ಲಿ ತೆಗೆಯುತ್ತಿದ್ದ. ಬರೆಯುವವರಿಗೆ ಈ ವ್ಯತ್ಯಾಸ ತಿಳಿಯಬೇಕು. ಹೆಗಲು ಎಲ್ಲಿ ಕೊಡಬೇಕು ಎಂಬುದು. ಅದೊಂದು ಗೊತ್ತಿದ್ದರೆ ಸೂರ್ಯಾಸ್ತವನ್ನು ಬಿಟ್ಟರೂ ನಡೆಯುತ್ತದೆ.

ಕರುಗಳು ಚೆನ್ನಾಗಿದ್ದವು. ಒಂದರ ಕಿವಿ ಹಿಮಕ್ಕೆ ಉದುರಿ ಮೊಟಕಾಗಿತ್ತು. ಬರುವಾಗ ಅದೇ ಗೇಟನ್ನು ಹಾಗೇ ಇಬ್ಬರೂ ಮುಚ್ಚಿದೆವು. ಗಾಳಿ ಇತ್ತು, ಆದರೂ ಅಷ್ಟು ಚಳಿಯಾಗಲಿಲ್ಲ.

ಏಪ್ರಿಲ್ 17, ಗುರುವಾರ

ಡೆಲ್ಫೀನ್ ಹೇಳಿದಳು: ಕೌಂಟಿಯ ನಿಯಮದಂತೆ ರದ್ದಿಗೆ ಹಾಕುವ ಮೊದಲು ಒಂದು ದಿನ ಸಾರ್ವಜನಿಕರು ಬೇಕಾದ್ದನ್ನು ಒಯ್ಯಲು ಬಿಡಲೇಬೇಕು. ಪ್ರೂಯಿಟ್ ದಿನ ಇಟ್ಟಿದ್ದಾನೆ: ಇಪ್ಪತ್ತನಾಲ್ಕು, ಗುರುವಾರ, ಹತ್ತರಿಂದ ಹನ್ನೆರಡು. ದುಡಿಯುವ ಹೊತ್ತಿನಲ್ಲಿ!

ನಾನು ಯೋಜನೆ ಹಾಕಲಿಲ್ಲ. ಲಾಂಡ್ರಿಗೆ ಹೋಗಿ ಸುದ್ದಿ ಹೇಳಿ, "ಏನು ಮಾಡೋಣ?" ಎಂದು ಕೇಳಿ ಕೂತೆ. ಇಪ್ಪತ್ತು ನಿಮಿಷ ಗದ್ದಲ. ಯೋಜನೆ ಅವರದೇ: ಹದಿನೈದು ನಿಮಿಷದ ವಿರಾಮವನ್ನು ಒಬ್ಬೊಬ್ಬರೂ ಸರದಿಯ ಮೇಲೆ ತೆಗೆದುಕೊಳ್ಳುವುದು. ಗಾಡಿ? "ನಮ್ಮ ಗಾಡಿ ಇಲ್ವಾ?" ಎಂದಳು ಮಾರ್ವಲೀ, ಚಕ್ರವಿರುವ ಕ್ಯಾನ್ವಾಸ್ ಬಟ್ಟೆಗಾಡಿಯನ್ನು ಒದ್ದು.

ಏಪ್ರಿಲ್ 24, ಗುರುವಾರ

ಮುಖ್ಯ ಬೀದಿಯಲ್ಲಿ ಬಟ್ಟೆಗಾಡಿಗಳ ಮೆರವಣಿಗೆ! ಡೇರಿಯಿಂದ ಆಶ್ರಮಕ್ಕೆ ಮೂರು ಬೀದಿ. ಗಡಗಡ ಸದ್ದಿಗೆ ಕಟಿಂಗ್ ಅಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದ. ಒಬ್ಬಳು ಹೋದರೆ ಒಬ್ಬಳು ಬರುತ್ತಿದ್ದಳು, ಗಡಿಯಾರ ನೋಡಿಕೊಂಡು. ಲೋಡು ಮಾಡುವವರು ನಾನೂ ಕ್ಲೆಲ್ಲೂ. ಗಾಡಿಗೆ ಹಿಡಿಸದ್ದು ಅವನ ದನದ ಟ್ರೇಲರಿಗೆ. ತೊಳೆದು ತಂದಿದ್ದ, ಹುಲ್ಲು ಹಾಸಿದ್ದ.

ಹನ್ನೊಂದೂವರೆಗೆ ಪ್ರೂಯಿಟ್ ಬಂದ. ಬಾಗಿಲಲ್ಲಿ ನಿಂತು ನೋಡಿದ.

"ಇಷ್ಟು ಕಸ ಒಯ್ದು ಏನ್ಮಾಡ್ತೀಯಮ್ಮಾ ಮಾರ್ವಲೀ?"

"ಮಡಚಿಡ್ತೀವಿ ಸಾರ್. ನಿಮ್ಮ ಮಂಡಳಿ ಮಡಚಕ್ಕೆ ಬರದೇ ಎಸೆದಿದ್ದು."

"ಜಾಗ ಎಲ್ಲಿದೆ ನಿಮ್ಗೆ?"

"ನಮ್ಮ ಜಾಗ ಆಗ್ಲೇ ನೋಡಿದೀರಲ್ಲ. ಓಟು ಕೇಳಕ್ಕೆ ಬಂದಿದ್ರಿ."

ಪ್ರೂಯಿಟ್‌ನ ಕಾಲ ಬಳಿಯೇ ಹದಿನೇಳನೆಯ ಪುಟ ತೆರೆದು ಒಂದು ಪುಸ್ತಕ ಬಿದ್ದಿತ್ತು, ಮೂಲೆಯಲ್ಲಿ ನೇತಾಡುವ ಪಿ. ಕ್ಲೆಲ್ ಬಗ್ಗಿ ಎತ್ತಿ, ಧೂಳು ಒರೆಸಿ ಗಾಡಿಗೆ ಹಾಕಿದ. ನಾನು ಅದರ ಮೇಲೆ ಇನ್ನೆರಡು ಪೇರಿಸಿದೆ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಶೆಡ್ಡು ಖಾಲಿ.

ಮೇ 4, ಭಾನುವಾರ

ಲಾಂಡ್ರಿಯ ಹಿಂದಿನ ಹಳೇ ಇಸ್ತ್ರಿ ಕೋಣೆಯಲ್ಲಿ ಈಗ ಗೋಡೆ ತುಂಬ ಪುಸ್ತಕ. ಹಲಗೆ ಹೊಡೆದವನು ಕ್ಲೆಲ್, ಮೊಳೆ ಹಿಡಿದವಳು ನಾನು. ಆಶ್ರಮದ ಅಜ್ಜಿಯರು ಗಾಲಿಕುರ್ಚಿಯಲ್ಲಿ ಬಂದು ಮುಖಪುಟ ನೋಡಿ ಗುಸುಗುಸು ಮಾಡುತ್ತಾರೆ. ಬಿಳಿ ಕೂದಲ ಒಬ್ಬ ಅಜ್ಜಿ ಮಡಿಲ ತುಂಬ ನಾಲ್ಕು ಒಯ್ದಳು. ಯಾರ ತಾಯಿಯೆಂದು ನಾನು ಕೇಳಲಿಲ್ಲ.

ಪುಸ್ತಕ ಉಳಿಯಿತು. ಮಾತು ಉಳಿದಿಲ್ಲ. ಸಂಜೆ ಏಳರ ತನಕ ಬಾಗಿಲು ಎಂದಿದ್ದರು, ಅದು ಬೇಕು. ಮಂಡಳಿ ದುಡಿಯುವವರು ಬರಬಹುದಾದ ಹೊತ್ತಿಗೆ ಸಭೆ ಸೇರಬೇಕು. ಹದಿಮೂರಕ್ಕೆ ಅವರ ಮುಂದಿನ ಸಭೆ. ಅಲ್ಲಿ ಈ ಸಲ ನಾನು ಮಾತಾಡುವುದಿಲ್ಲ, ಮಾರ್ವಲೀ ಮಾತಾಡುತ್ತಾಳೆ. ಅವಳ ಪಾಳಿ ಯಾರು ಹಿಡಿಯಬೇಕು, ಏನೇನು ಹೇಳಬೇಕು ಎಂದು ಮೊದಲು ಈ ಗುರುವಾರ ಲಾಂಡ್ರಿಯಲ್ಲಿ ನಾವೆಲ್ಲ ಕೂತು ತೀರ್ಮಾನಿಸಬೇಕು. ಆಮೇಲೆ ಅಲ್ಲೇ ಕ್ಲೆಲ್ ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಾನೆ. ಅಯೋನಿ ಹೋದ ಮೇಲೆ ಗಟ್ಟಿಯಾಗಿ ಓದಿಲ್ಲವಂತೆ. ಬರುತ್ತದೋ ಇಲ್ಲವೋ ಎಂದ. ತಪ್ಪಿದರೆ ಬೈಯಲು ನಾನು ಪಕ್ಕದಲ್ಲಿರುತ್ತೇನೆ ಎಂದೆ.

ಕರೆದುಕೊಂಡು ಹೋಗಲು ಐದು ಗಂಟೆಗೇ ಪಿಕಪ್ ತರುತ್ತಾನಂತೆ. "ಎರಡೇ ಬೀದಿ ರೀ, ನಡ್ಕೊಂಡು ಬರ್ತೀನಿ" ಎಂದೆ. "ಗೊತ್ತು ಥೋರಾ" ಎಂದ. ನೀಲಿ ಅಂಗಿಗೆ ಇಸ್ತ್ರಿ ಹಾಕಿ ಇಟ್ಟಿದ್ದೇನೆ, ಹೇಗೂ ಒಗೆದದ್ದಿತ್ತು.

ನಮ್ಮ ಸಭೆ: ಮೇ 8, ಗುರುವಾರ, ಸಂಜೆ ಐದು ಮುಕ್ಕಾಲು ಗಂಟೆಗೆ, ಲಾಂಡ್ರಿಯ ಹಿಂಬಾಗಿಲು.